ಕಾ ಎಂಬ ಹೆಬ್ಬಾವಿಗೆ ಆದ ಅನ್ಯಾಯ

ಪುಸ್ತಕದ ಪ್ರಾಣಿ ಪರದೆಗೆ ಬರುವಾಗ ಅದರ ಬಣ್ಣ, ಗಾತ್ರ, ದನಿ ಬದಲಾದರೆ ನನ್ನದೇನೂ ತಕರಾರಿಲ್ಲ. ಅದರ ಗುಣವನ್ನೇ ತಿರುಗುಮುರುಗು ಮಾಡಿದರೆ ಮಾತ್ರ ಸುಮ್ಮನಿರಲಾಗದು. ಹಾಗೆ ಕೆಟ್ಟ ಹೆಸರು ಹೊತ್ತ ಪ್ರಾಣಿಗಳಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವುದು ರುಡ್ಯಾರ್ಡ್ ಕಿಪ್ಲಿಂಗ್ ಬರೆದ ‘ಕಾ’ ಎಂಬ ಹೆಬ್ಬಾವು. 1967ರಲ್ಲಿ ಡಿಸ್ನಿಯವರ ‘ದಿ ಜಂಗಲ್ ಬುಕ್’ ಕಾರ್ಟೂನ್ ಚಿತ್ರ ಬಂದ ಮೇಲೆ, ಅದನ್ನು ನೋಡಿ ಬೆಳೆದವರಿಗೆಲ್ಲ ಕಾ ಎಂದರೆ ಮೋಗ್ಲಿ ಎಂಬ ಹುಡುಗನನ್ನು ಮರುಳುಮಾಡಿ ನುಂಗಲು ಹೊಂಚುಹಾಕುವ ಹಾವು. ಪುಸ್ತಕದಲ್ಲಿ ಅದೇ ಕಾ ಮೋಗ್ಲಿಯ ಜೀವ ಉಳಿಸಿದವನು, ಅವನ ಹಿರಿಯ ಗೆಳೆಯ.

‘ಜಂಗಲ್ ಬುಕ್’ನ 1894ರ ಮೊದಲ ಸಂಪುಟದ ಕಥೆ ನೆನೆಯಿರಿ. ಕೋತಿಗಳ ದಂಡು ಮೋಗ್ಲಿಯನ್ನು ಎತ್ತಿಕೊಂಡು ಮರದಿಂದ ಮರಕ್ಕೆ ಹಾರುತ್ತ ಪಾಳುಬಿದ್ದ ನಗರಕ್ಕೆ ಒಯ್ಯುತ್ತದೆ. ಬಾಲೂ ಕರಡಿಗಾಗಲಿ, ಕರಿಚಿರತೆ ಬಘೀರಾನಿಗಾಗಲಿ ಅವುಗಳ ಬೆನ್ನು ಹತ್ತುವುದು ಆಗದ ಮಾತು. ಕೋತಿಗಳು ನಿಜವಾಗಿ ಹೆದರುವುದು ಕಾನಿಗೆ. ಇಬ್ಬರೂ ಅವನನ್ನು ಹುಡುಕಿಕೊಂಡು ಹೋದಾಗ ಅವನು ಆಗಷ್ಟೇ ಪೊರೆ ಬಿಟ್ಟು, ಬಿಸಿಲಿಗೆ ಕಾದ ಬಂಡೆಯ ಮೇಲೆ ಮೈಚಾಚಿ ತನ್ನ ಹೊಸ ಚರ್ಮದ ಅಂದವನ್ನು ತಾನೇ ಸವಿಯುತ್ತಿರುತ್ತಾನೆ. 30 ಅಡಿ ಉದ್ದದ ಮೈ. ಕೋತಿಗಳು ಅವನನ್ನು ಎರೆಹುಳ ಎಂದು ಆಡಿಕೊಂಡವು ಎಂಬ ಮಾತನ್ನು ಬಘೀರಾ ಮೆಲ್ಲಗೆ ಕಿವಿಗೆ ಹಾಕುತ್ತಾನೆ. ಅಷ್ಟು ಸಾಕಾಗುತ್ತದೆ. ಆ ರಾತ್ರಿ ನೂರಾರು ಕೋತಿಗಳ ನಡುವೆ ಸಿಕ್ಕಿಬಿದ್ದ ಬಘೀರಾ ಕೊಳಕ್ಕೆ ಹಾರಿ ಪ್ರಾಣ ಉಳಿಸಿಕೊಳ್ಳುತ್ತಿರುವಾಗ ಕಾ ಗೋಡೆ ಹತ್ತಿ ಬರುತ್ತಾನೆ. ಮೋಗ್ಲಿಯನ್ನು ಕೂಡಿಹಾಕಿದ್ದ ಮಂಟಪದ ಅಮೃತಶಿಲೆಯ ಜಾಲಂಧ್ರವನ್ನು ತಲೆಯಿಂದಲೇ ಕುಟ್ಟಿ ಒಡೆಯುತ್ತಾನೆ. ಹೊರಬಂದ ಹುಡುಗ ವಿನಯದಿಂದ ಕೃತಜ್ಞತೆ ಹೇಳಿದಾಗ ಕಾ ಅವನ ಧೈರ್ಯವನ್ನೂ ಮಾತಿನ ಸೌಜನ್ಯವನ್ನೂ ಮೆಚ್ಚಿಕೊಳ್ಳುತ್ತಾನೆ. ಇವರ ಸ್ನೇಹ ಕುದುರುವುದು ಅಲ್ಲಿ.

ಆಮೇಲೆ ಬೆಳದಿಂಗಳಲ್ಲಿ ಕಾ ಕುಣಿಯುತ್ತಾನೆ. ಸುರುಳಿ ಸುತ್ತುತ್ತ, ಬಿಚ್ಚುತ್ತ, ಸಣ್ಣಗೆ ಗುನುಗುತ್ತ. ಕೋತಿಗಳು ಕಾಲು ಕಿತ್ತಿಡಲಾಗದೆ ಅವನತ್ತ ಒಂದೊಂದೇ ಹೆಜ್ಜೆ ಬರುತ್ತವೆ. ಬಾಲೂ, ಬಘೀರಾ ಸಹ ಸೆಳೆತಕ್ಕೆ ಸಿಕ್ಕಿ ಮುಂದೆ ಜರುಗುತ್ತಾರೆ. ಮೋಗ್ಲಿ ಮಾತ್ರ ಅಲುಗುವುದಿಲ್ಲ. ಅವನ ಕಣ್ಣಿಗೆ ಅದು ಕತ್ತಲಾಗುವತನಕ ಸುಮ್ಮನೆ ಸುತ್ತು ಹಾಕುತ್ತಿದ್ದ ದೊಡ್ಡ ಹಾವು, ಅಷ್ಟೇ. ಗೋಡೆ ಕುಟ್ಟಿ ಅದರ ಮೂಗಿಗೆ ಬೇರೆ ಗಾಯವಾಗಿದೆ ಎಂದು ನಗುತ್ತಾನೆ. ಮನುಷ್ಯನ ಮರಿಗೆ ಆ ಮೋಡಿ ತಾಗದು ಎನ್ನುವುದೇ ಆ ಕಥೆಯ ಜೀವ. ಡಿಸ್ನಿ ಚಿತ್ರ ಇಡೀ ಕಥೆಯಿಂದ ಎತ್ತಿಕೊಂಡದ್ದು ಆ ಮೋಡಿಯನ್ನು, ಪ್ರಯೋಗಿಸಿದ್ದು ಅದು ತಾಗದ ಆ ಹುಡುಗನ ಮೇಲೆಯೇ.

ಎರಡನೆಯ ಸಂಪುಟ ಬಂದದ್ದು 1895ರಲ್ಲಿ. ಅಲ್ಲಿ ಕಾ ಸುಮಾರು ಇನ್ನೂರನೆಯ ಸಲ ಪೊರೆ ಕಳಚಿದ ಮುದುಕ. ಮೋಗ್ಲಿ ಅವನ ಸುರುಳಿಗೆ ಒರಗಿ ಕೂತು, ಕಳಚಿಬಿದ್ದ ಪೊರೆಯನ್ನು ಕೈಯಲ್ಲಿ ಹಿಡಿದು ನೋಡುತ್ತ ಹರಟುತ್ತಾನೆ. ಸಂಜೆ ಇಬ್ಬರಿಗೂ ಕುಸ್ತಿ, ಆಮೇಲೆ ನೀರಿನಲ್ಲಿ ಈಜು. ಒಂದೇ ಬಿಗಿತಕ್ಕೆ ಹುಡುಗನ ಎಲುಬು ಪುಡಿಮಾಡಬಲ್ಲವನು ತನ್ನ ಬಲವನ್ನು ತಡೆಹಿಡಿದು ಆಡುವುದನ್ನು ಕಿಪ್ಲಿಂಗ್ ಬರೆದ ರೀತಿಗೆ ನಾನು ಸೋತಿದ್ದೇನೆ.

ಹಾಗಾದರೆ ಇಂಥವನು ಖಳನಾದದ್ದು ಹೇಗೆ? ಬಿಲ್ ಪೀಟ್ ಎಂಬ ಕಥೆಗಾರ ಮೊದಲು ಸಿದ್ಧಪಡಿಸಿದ್ದ ರೂಪ ಪುಸ್ತಕದಂತೆಯೇ ಗಂಭೀರವಾಗಿತ್ತು. ವಾಲ್ಟ್ ಡಿಸ್ನಿಗೆ ಹಿಡಿಸಲಿಲ್ಲ, ಪೀಟ್ ಸ್ಟುಡಿಯೋ ಬಿಟ್ಟ. ಆಮೇಲೆ ಹಾಡು, ನಗು, ತಾಳಕ್ಕೆ ಆದ್ಯತೆ ಸಿಕ್ಕಿತು. ಕಟ್ಟುನಿಟ್ಟಿನ ಮೇಷ್ಟರಾಗಿದ್ದ ಬಾಲೂ ಮೈಗಳ್ಳ ಗೆಳೆಯನಾದ. ನಾಯಕನೇ ಇಲ್ಲದ ಕೋತಿಗಳ ಗುಂಪಿಗೆ ಕಿಂಗ್ ಲೂಯಿ ಎಂಬ ಒರಾಂಗುಟಾನ್ ದೊರೆಯಾಗಿ ಬಂದ. ಭಾರತದ ಕಾಡಿನಲ್ಲಿ ಆ ಪ್ರಾಣಿಯೇ ಇಲ್ಲ. ಹುಡುಗನನ್ನು ಕಾಪಾಡುವ ಕೆಲಸವೆಲ್ಲ ಬಾಲೂ ಮತ್ತು ಬಘೀರಾನ ಪಾಲಾದ ಮೇಲೆ ಕಾನಿಗೆ ಉಳಿದದ್ದು ಕಾಡುವ ಕೆಲಸ. ಹುಲಿ ಶೇರ್ ಖಾನ್ ಚಿತ್ರದಲ್ಲಿ ಬಹಳ ತಡವಾಗಿ ಬರುವುದರಿಂದ ಅಲ್ಲಿಯವರೆಗೆ ಭಯಕ್ಕೊಂದು ಮುಖವೂ ಬೇಕಿತ್ತು. ಹಾವೇ ಮೊದಲ ಪಾಪಕ್ಕೆ ಎಳೆಯಿತು ಎಂಬ ಕಥೆ ಕೇಳಿ ಬೆಳೆದ ಸಮಾಜಕ್ಕೆ ಆ ಮುಖ ಹುಡುಕಲು ದೂರ ಹೋಗಬೇಕಾಗಿರಲಿಲ್ಲ ಎಂದು ನನಗನಿಸುತ್ತದೆ.

ಕೆಲಸದ ನಾಜೂಕನ್ನು ಮೆಚ್ಚದೆ ಇರಲಾರೆ. ಕೈಕಾಲಿಲ್ಲದ ದೇಹವನ್ನು ಮೆಟ್ಟಿಲು ಮಾಡಿ, ಜೋಕಾಲಿ ಮಾಡಿ, ಗಂಟುಬಿದ್ದ ಬಾಲದಿಂದ ನಗಿಸಿದ ಕಲಾವಿದರ ಕೈಚಳಕ ದೊಡ್ಡದು. ದನಿ ಕೊಟ್ಟ ಸ್ಟರ್ಲಿಂಗ್ ಹಾಲೊವೇ ‘ವಿನ್ನಿ ದ ಪೂ’ ಕರಡಿಗೂ ದನಿಯಾದವರು. ಆ ಮೃದುತನವೇ ಇಲ್ಲಿ ಹೆದರಿಸುತ್ತದೆ. ಮೋಡಿಯ ಹಾಡಿನ ರಾಗ ‘ಮೇರಿ ಪಾಪಿನ್ಸ್’ಗೆಂದು ಕಟ್ಟಿ ಕೈಬಿಟ್ಟಿದ್ದದ್ದು, ಆದರೂ ಇಲ್ಲಿಗೆ ಹೇಳಿಮಾಡಿಸಿದಂತಿದೆ. ಕಣ್ಣುಗಳದ್ದೇ ಬೇರೆ ಮಾತು. ಹಾವಿಗೆ ಮುಚ್ಚಿ ತೆರೆಯುವ ರೆಪ್ಪೆಯಿಲ್ಲ, ಗಾಜಿನಂಥ ಒಂದು ಪೊರೆ ಕಣ್ಣನ್ನು ಸದಾ ಹೊದ್ದಿರುತ್ತದೆ. ಪೊರೆ ಬಿಡುವ ಕಾಲ ಹತ್ತಿರವಾದರೆ ಅದು ಹಾಲುಬೆರೆತ ನೀಲಿಗೆ ತಿರುಗಿ ದೃಷ್ಟಿ ಮಂಕಾಗುತ್ತದೆ. ಚಿತ್ರದ ಕಾನಿಗೆ ರೆಪ್ಪೆ ಬಂದು, ಕಣ್ಣೊಳಗೆ ಬಣ್ಣದ ಬಳೆಗಳು ಸುತ್ತತೊಡಗಿದವು. ನನ್ನನ್ನು ಹೆಚ್ಚು ನೋಯಿಸುವುದು ಅದೂ ಅಲ್ಲ. ಮರದಿಂದ ಇಳಿಬಿದ್ದ ಬಾಲವನ್ನು ಶೇರ್ ಖಾನ್ ಬಾಗಿಲ ಗಂಟೆಯಂತೆ ಜಗ್ಗುತ್ತಾನೆ, ಕಾ ಕೆಳಗಿಳಿದು ನಡುಗುತ್ತ ಉತ್ತರ ಕೊಡುತ್ತಾನೆ. ಕಾಡಿನ ಹಿರಿಯನನ್ನು ಹೇಡಿಯಾಗಿ ತೋರಿಸಿದ ಆ ದೃಶ್ಯ ನನಗೆ ಎಂದೂ ಜೀರ್ಣವಾಗಿಲ್ಲ.

ಬೇರೆಯವರು ಹೀಗೆ ಮಾಡಲಿಲ್ಲ. ನಮ್ಮ ಕಾರಾಪುರದ ಮಾವುತನ ಮಗ ಸಾಬು ಮೋಗ್ಲಿಯಾದ 1942ರ ಜೋಲ್ಟನ್ ಕೋರ್ಡಾ ಚಿತ್ರದಲ್ಲಿ ಕಾ ಹುಡುಗನ ಜೊತೆ ಮಾತಾಡುವ ನೆಂಟ. ತೊಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಬರುತ್ತಿದ್ದ ಜಪಾನಿ ಧಾರಾವಾಹಿಯಲ್ಲೂ ಅವನು ವಿವೇಕಿ ಹಿರಿಯ. 2016ರಲ್ಲಿ ಡಿಸ್ನಿಯವರೇ ಮತ್ತೆ ಮಾಡಿದಾಗ ಕಾ ಹೆಣ್ಣಾದಳು, ಸ್ಕಾರ್ಲೆಟ್ ಜೊಹಾನ್ಸನ್ ದನಿ. ನುಂಗುವ ಆಸೆ ಮಾತ್ರ ಹಾಗೇ ಉಳಿಯಿತು. 2018ರಲ್ಲಿ ಆಂಡಿ ಸರ್ಕಿಸ್ ಕಾಲಜ್ಞಾನಿಯಾದ ಕಾನನ್ನು ತೋರಿಸಿ ಪುಸ್ತಕದ ಕಡೆಗೆ ಒಂದಿಷ್ಟು ಮರಳಿದರು.

ನನ್ನ ಮೆಚ್ಚಿನದು ಮಾಸ್ಕೋದ ಸೊಯುಜ್‌ಮುಲ್ಟ್‌ಫಿಲ್ಮ್ ಸ್ಟುಡಿಯೋದ ‘ಮೌಗ್ಲಿ’, ರೊಮಾನ್ ದವಿದೊವ್ ನಿರ್ದೇಶನ. ಡಿಸ್ನಿ ಚಿತ್ರ ಬಂದ 1967ರಲ್ಲೇ ಶುರುವಾಗಿ 1971ರವರೆಗೆ ಐದು ಕಂತುಗಳಾಗಿ ಬಂತು. ಅಲ್ಲಿ ಕಾ ಗೋಡೆ ಒಡೆಯುತ್ತಾನೆ, ಕುಣಿಯುತ್ತಾನೆ. ನಾಲ್ಕನೆಯ ಕಂತಿನಲ್ಲಿ ಸೀಳುನಾಯಿಗಳ ಕಾಳಗವೂ ಇದೆ. ಪುಸ್ತಕದಲ್ಲಿ ಕಾ ತನ್ನ ನೂರಾರು ಮಳೆಗಾಲಗಳ ನೆನಪನ್ನೆಲ್ಲ ತಡಕಾಡಿ, ಜೇನುಬಂಡೆಗಳ ಕಮರಿಗೆ ಆ ಹಿಂಡನ್ನು ಎಳೆದು ತರುವ ಉಪಾಯ ಹೇಳಿಕೊಟ್ಟು, ಮೇಲಿಂದ ಹಾರಿದ ಮೋಗ್ಲಿಯನ್ನು ನೀರಿನಲ್ಲಿ ಹಿಡಿದು ನಿಲ್ಲಿಸುವ ಭಾಗ ಇದು. ಬಂಡೀಪುರ, ನಾಗರಹೊಳೆಯಲ್ಲಿ ಸೀಳುನಾಯಿಗಳು ಜಿಂಕೆಯನ್ನು ಸುತ್ತುವರಿಯುವುದನ್ನು ನೋಡಿದವರಿಗೆ ಆ ಹಿಂಡಿನೆದುರು ನಿಲ್ಲುವುದು ಎಂಥ ಕೆಲಸವೆಂದು ವಿವರಿಸಬೇಕಿಲ್ಲ. ನಾನು ನೋಡಿದ ಹಾಲಿವುಡ್ ಚಿತ್ರಗಳಾವುವೂ ಈ ಕಾಳಗವನ್ನು ಕೈಗೆತ್ತಿಕೊಂಡಿಲ್ಲ. ಮನೆಯ ಮಕ್ಕಳಿಗೆ ಕಾನನ್ನು ಪರಿಚಯಿಸುವವರು ಈ ರಷ್ಯನ್ ಕಂತುಗಳಿಂದ ಶುರುಮಾಡಲಿ, ಡಿಸ್ನಿಯ ಹಾಡು ಆಮೇಲೆ ಕೇಳಿದರಾಯಿತು.