ಎಫ್1 ಒತ್ತಿದಾಗ ಏನಾಗಬೇಕು

ವಿಂಡೋಸ್ ಪ್ರೋಗ್ರಾಂಗಳನ್ನು ವೈನ್ ಮೂಲಕ ಲಿನಕ್ಸ್‌ನಲ್ಲಿ ಓಡಿಸುವವರ ನಡುವೆ ಒಂದು ಮಾತು ಬಹುಕಾಲದಿಂದ ಚಾಲ್ತಿಯಲ್ಲಿದೆ. ಪ್ರೋಗ್ರಾಂ ನಡೆಯುತ್ತದೆ, ಅದರ ಹೆಲ್ಪ್ ಮಾತ್ರ ನಡೆಯುವುದಿಲ್ಲ. ಆ ಹೆಲ್ಪ್ ಇರುವ ಸಿಎಚ್‌ಎಂ ಫೈಲನ್ನು ಎಕ್ಸ್‌ಸಿಎಚ್‌ಎಂನಲ್ಲೋ ಓಕ್ಯುಲರ್‌ನಲ್ಲೋ ತೆರೆದುಕೊಂಡರೆ ಕೆಲಸ ಮುಗಿಯಿತು. ಈ ಮಾತಿನ ಮೊದಲರ್ಧ ತಪ್ಪು, ಉಳಿದರ್ಧ ಅರೆಸತ್ಯ. ಸಿಎಚ್‌ಎಂ ಓದುಗಗಳಿಗೆ ಅವುಗಳ ಯೋಗ್ಯತೆಗಿಂತ ಹೆಚ್ಚಿನ ಹೊಗಳಿಕೆ ಸಂದಿದೆ. ವೈನ್‌ನವರು ಹೆಲ್ಪ್ ತೆರೆಯಲೆಂದು ತಾವೇ ಹೊಸದಾಗಿ ಬರೆದ ಎಚ್‌ಎಚ್‌ಕಂಟ್ರೋಲ್ ಎಂಬ ಘಟಕಕ್ಕೆ ಮಾತ್ರ ಬೈಗುಳ ಬಿಟ್ಟರೆ ಹೆಚ್ಚೇನೂ ದಕ್ಕಿಲ್ಲ.

ಸಿಎಚ್‌ಎಂ ಎಂದರೇನು ಎಂಬುದನ್ನು ಇಲ್ಲಿ ವಿವರಿಸಬೇಕಿಲ್ಲ. 1997ರಲ್ಲಿ ಬಂದು ವಿನ್‌ಹೆಲ್ಪ್‌ನ ಜಾಗ ಹಿಡಿದದ್ದು; ಎಚ್‌ಟಿಎಂಎಲ್ ಪುಟಗಳನ್ನು ಕುಗ್ಗಿಸಿ ಒಂದೇ ಫೈಲಿನೊಳಗೆ ತುಂಬಿಟ್ಟದ್ದು. ಎಲ್‌ಟಿಸ್ಪೈಸ್‌ನ ನಾಲ್ಕನೆಯ ಆವೃತ್ತಿಯನ್ನು ವೈನ್‌ನಲ್ಲಿ ಬಳಸಿದ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳಿಗೆ ಸ್ಕ್ಯಾಡ್3 ಎಂಬ ಸಿಎಚ್‌ಎಂ ಫೈಲಿನ ಬೆಲೆ ಗೊತ್ತು. ಮೆಷರ್ ಆಜ್ಞೆಯನ್ನು ಬರೆಯುವ ಕ್ರಮ ಆ ಫೈಲಿನಲ್ಲಿದೆ.

ಹೆಲ್ಪ್ ಎಂಬುದು ಬರೀ ಪುಸ್ತಕವಲ್ಲ ಎಂಬುದನ್ನು ಓದುಗಗಳ ಅಭಿಮಾನಿಗಳು ಗಮನಿಸುವುದೇ ಇಲ್ಲ. ಒಂದು ಡಯಲಾಗ್ ತೆರೆದಿದೆ, ಅದರಲ್ಲಿನ ಒಂದು ಆಯ್ಕೆ ಅರ್ಥವಾಗುತ್ತಿಲ್ಲ, ಎಫ್1 ಒತ್ತುತ್ತೀರಿ. ಆಗ ಪ್ರೋಗ್ರಾಂ ಎಚ್‌ಟಿಎಂಎಲ್‌ಹೆಲ್ಪ್ ಎಂಬ ಫಂಕ್ಷನ್ನನ್ನು ಕರೆದು ಫೈಲಿನ ಹೆಸರು, ಒಂದು ಆಜ್ಞೆ, ಒಂದು ಸಂಖ್ಯೆ ಕೊಡುತ್ತದೆ. ಪುಟದ ಹೆಸರು ಅದಕ್ಕೆ ಗೊತ್ತಿರುವುದಿಲ್ಲ, ಸಂಖ್ಯೆಯಷ್ಟೇ ಗೊತ್ತು. ಆ ಸಂಖ್ಯೆಗೆ ಯಾವ ಪುಟ ಎಂಬುದು ಸಿಎಚ್‌ಎಂ ಒಳಗೇ ಐವಿಬಿ ಎಂಬ ಪುಟ್ಟ ಕೋಷ್ಟಕದಲ್ಲಿರುತ್ತದೆ. ಅದರ ಒಂದೊಂದು ನಮೂದೂ ಎಂಟೆಂಟು ಬೈಟ್. ಮೊದಲ ನಾಲ್ಕರಲ್ಲಿ ಸಂಖ್ಯೆ. ಉಳಿದ ನಾಲ್ಕರಲ್ಲಿ, ಪುಟದ ಹೆಸರು ಸ್ಟ್ರಿಂಗ್ಸ್ ಎಂಬ ಇನ್ನೊಂದು ಭಾಗದಲ್ಲಿ ಎಲ್ಲಿಂದ ಶುರುವಾಗುತ್ತದೆ ಎಂಬ ಗುರುತು.

ವೈನ್‌ನ ಎಚ್‌ಎಚ್‌ಕಂಟ್ರೋಲ್ ಈ ಕೋಷ್ಟಕವನ್ನು ತೆರೆದು, ಸಂಖ್ಯೆ ಸಿಗುವವರೆಗೆ ಒಂದೊಂದೇ ನಮೂದು ನೋಡಿ, ಗುರುತು ಹಿಡಿದು ಹೆಸರನ್ನು ತರುತ್ತದೆ. ಕೆಲವೇ ಸಾಲುಗಳ ಕೋಡ್, ಯಾವ ಥಳಕೂ ಇಲ್ಲ. ಆದರೆ ನಿಮ್ಮ ಮುಂದಿರುವ ಡಯಲಾಗ್‌ಗೂ ಅದನ್ನು ವಿವರಿಸುವ ಪುಟಕ್ಕೂ ನಡುವಿನ ನಂಟನ್ನು ಉಳಿಸಿದ್ದು ಇದೇ ಕೋಡ್. ಎಕ್ಸ್‌ಸಿಎಚ್‌ಎಂಗೂ ಸಂಖ್ಯೆ ಕೊಟ್ಟು ಪುಟ ತೆರೆಸಬಹುದು, ಆ ಸೌಲಭ್ಯ ಅದರಲ್ಲಿದೆ ಎಂದು ವಾದಿಸುವವರಿದ್ದಾರೆ. ನಿಜ, ಇದೆ. ಆದರೆ ಕೊಡುವವರು ಯಾರು? ವೈನ್ ಒಳಗಿನ ಪ್ರೋಗ್ರಾಂ ಹುಡುಕುವುದು ಎಚ್‌ಎಚ್‌ಕಂಟ್ರೋಲನ್ನು. ಎಕ್ಸ್‌ಸಿಎಚ್‌ಎಂ ಎಂಬುದೊಂದು ಇದೆ ಎಂದೇ ಅದಕ್ಕೆ ತಿಳಿಯದು. ಸಿಎಚ್‌ಎಂ ಬಿಚ್ಚಿ ಪುಟಗಳನ್ನೆಲ್ಲ ಬ್ರೌಸರ್‌ನಲ್ಲಿ ಓದಿಕೊಳ್ಳಿ ಎನ್ನುವವರು ಈ ನಂಟನ್ನು ಪೂರ್ತಿ ಕಡಿದುಹಾಕಿ, ಅದನ್ನೇ ಪರಿಹಾರ ಎಂದು ಕರೆಯುತ್ತಾರೆ.

ಹಾಗಾದರೆ ವೈನ್‌ನ ಹೆಲ್ಪ್‌ಗೆ ಕೆಟ್ಟ ಹೆಸರು ಬಂದದ್ದು ಏಕೆ? ಹೆಚ್ಚಿನ ಪಾಲು ಇನ್ನೊಂದರ ತಪ್ಪಿನಿಂದ. ಹೆಲ್ಪ್ ಕಿಟಕಿ ತೆರೆಯುತ್ತದೆ, ಎಡಗಡೆ ಪರಿವಿಡಿ ಸರಿಯಾಗಿಯೇ ಬರುತ್ತದೆ, ಬಲಗಡೆ ಮಾತ್ರ ಖಾಲಿ ಬಿಳುಪು. ನೋಡಿದವರು ಎಚ್‌ಎಚ್‌ಕಂಟ್ರೋಲ್ ಕೆಟ್ಟಿದೆ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಪರಿವಿಡಿಯನ್ನು ಓದಿ ಜೋಡಿಸುವುದು ಎಚ್‌ಎಚ್‌ಕಂಟ್ರೋಲ್. ಪುಟವನ್ನು ಫೈಲಿನೊಳಗಿಂದ ಎತ್ತಿಕೊಡುವುದು ಐಟಿಎಸ್‌ಎಸ್ ಎಂಬ ಮತ್ತೊಂದು ಘಟಕ. ತೆರೆಯ ಮೇಲೆ ಬಿಡಿಸುವುದು ಮೊಜಿಲ್ಲಾದಿಂದ ಬಂದ ಗೆಕ್ಕೋ. ಗೆಕ್ಕೋ ಬೇರೆಯೇ ಪ್ಯಾಕೇಜು. 32 ಬಿಟ್‌ಗೊಂದು, 64 ಬಿಟ್‌ಗೊಂದು. ಹೊಸ ಪ್ರಿಫಿಕ್ಸ್ (ವೈನ್ ತನ್ನ ವಿಂಡೋಸ್ ಫೈಲುಗಳನ್ನು ಇಡುವ ಫೋಲ್ಡರ್) ಮಾಡುವಾಗ ಇಳಿಸಿಕೊಳ್ಳಲೇ ಎಂದು ವೈನ್ ಕೇಳಿದರೆ ಅವಸರದಲ್ಲಿ ಬೇಡ ಎಂದವರಿಗೆ ಆ ಬಿಳಿ ಫಲಕ ಕಾಣಿಸುತ್ತದೆ. ಪರಿವಿಡಿ ಬಂದಿದೆ ಎಂಬುದೇ ಎಚ್‌ಎಚ್‌ಕಂಟ್ರೋಲ್ ತನ್ನ ಪಾಲಿನ ಕೆಲಸ ಮಾಡಿದೆ ಎಂಬುದಕ್ಕೆ ಸಾಕ್ಷಿ.

ಈ ತಪ್ಪು ರೋಗನಿರ್ಣಯಕ್ಕೆ ತಕ್ಕಂತೆ ತಪ್ಪು ಔಷಧಿಯೂ ಹಬ್ಬಿದೆ: ವೈನ್‌ನದನ್ನು ಬದಿಗಿಟ್ಟು ಮೈಕ್ರೋಸಾಫ್ಟ್‌ನ ಮೂಲ ಎಚ್‌ಎಚ್‌ಕಂಟ್ರೋಲ್, ಐಟಿಎಸ್‌ಎಸ್ ತಂದು ಹಾಕಿ ಎಂಬ ಸಲಹೆ. ಇದರ ಬಗ್ಗೆ ನನಗೆ ಇನ್ನೂ ದೊಡ್ಡ ತಕರಾರಿದೆ. ಮೂಲ ಘಟಕ ಇಂಟರ್ನೆಟ್ ಎಕ್ಸ್‌ಪ್ಲೋರರನ್ನು ನಂಬಿ ಕಟ್ಟಿದ್ದು. ಒಂದನ್ನು ತಂದವರು ಕೊನೆಗೆ ಎಕ್ಸ್‌ಪ್ಲೋರರನ್ನೇ ತಂದು ಕೂರಿಸುವ ಮಟ್ಟಕ್ಕೆ ಹೋಗುತ್ತಾರೆ. ಲೈಸೆನ್ಸಿನ ಪ್ರಶ್ನೆ ಬೇರೆ. ಯಾವುದೋ ಒಂದು ಪ್ರೋಗ್ರಾಂಗೆ ಅದು ಅನಿವಾರ್ಯ ಎಂದಾದರೆ ಒಪ್ಪಬಹುದು. ಗೆಕ್ಕೋ ಇದೆಯೇ ಎಂದು ನೋಡುವ ಮೊದಲೇ ಇದನ್ನು ಹೇಳುವವರ ಮಾತನ್ನು ಒಪ್ಪಲಾಗದು.

ಫೈಲ್ ಮಾದರಿಗೇ ಅಂಟಿದ ಒಂದು ಕೊರತೆಯನ್ನೂ ವೈನ್ ತಲೆಗೆ ಕಟ್ಟಬಾರದು. ಸಿಎಚ್‌ಎಂ ಪುಟದೊಳಗೆ ಕನ್ನಡ ಯೂನಿಕೋಡ್‌ನಲ್ಲಿ ಸರಾಗವಾಗಿ ನಿಲ್ಲುತ್ತದೆ, ಪರಿವಿಡಿ ಮತ್ತು ಸೂಚಿಯಲ್ಲಿ ನಿಲ್ಲುವುದಿಲ್ಲ. ಅವೆರಡೂ ಹಳೆಯ ಆನ್ಸಿ ಕೋಡ್ ಪೇಜ್ ಕೇಳುತ್ತವೆ, ವಿಂಡೋಸ್ ಕನ್ನಡಕ್ಕೆ ಅಂಥದ್ದೊಂದನ್ನು ಕೊಟ್ಟೇ ಇಲ್ಲ.

ವೈನ್‌ನ ನಿಜವಾದ ಸೋಲು ಇರುವುದು ಹುಡುಕಾಟದಲ್ಲಿ. ಪದಗಳ ಸಿದ್ಧ ಸೂಚಿಯೊಂದು ಸಿಎಚ್‌ಎಂನಲ್ಲಿ ಮೊದಲೇ ಇದ್ದರೂ ವೈನ್ ಅದನ್ನು ಮುಟ್ಟದೆ, ಪುಟ ಪುಟ ತೆರೆದು ಅಕ್ಷರಸಾಲನ್ನು ಹೋಲಿಸುತ್ತದೆ. ‘ಪ್ರಿಂಟ್’ ಎಂದು ಹುಡುಕಿದರೆ ‘ಸ್ಪ್ರಿಂಟ್’ ಇರುವ ಪುಟವೂ ಬರುತ್ತದೆ. ಎರಡು ಪದ ಬೇಕು, ಮೂರನೆಯದು ಬೇಡ ಎಂದು ಕೇಳಲು ದಾರಿಯಿಲ್ಲ. ಇಲ್ಲಿ ಎಕ್ಸ್‌ಸಿಎಚ್‌ಎಂ ಮೇಲು. ಅದು ಆ ಸೂಚಿಯನ್ನೇ ಓದುತ್ತದೆ. ಸೂಚಿಯ ರಚನೆಯನ್ನು ಸ್ವತಂತ್ರ ತಂತ್ರಾಂಶದವರೇ ಬಿಡಿಸಿ ಬರೆದಿಟ್ಟು ವರ್ಷಗಳಾಗಿವೆ. ವೈನ್‌ನಲ್ಲಿ ಅದನ್ನು ಅಳವಡಿಸದೆ ಬಿಟ್ಟಿರುವುದಕ್ಕೆ ನನಗೆ ಒಪ್ಪಿಗೆಯಾಗುವ ಕಾರಣ ಕಾಣುತ್ತಿಲ್ಲ.