ಪೂಲ್ಯಾಂ ಅವರ ಮಣಿಕಟ್ಟು

ಕ್ವೆಬೆಕ್ ಪ್ರಾಂತ್ಯದ ಬೋಸ್‌ವಿಲ್ ಎಂಬ ಸಣ್ಣ ಊರಿನಲ್ಲಿ ಬೆಳೆದ ಕೆನಡಾದ ಮಾರಿ-ಫಿಲಿಪ್ ಪೂಲ್ಯಾಂ ಅವರ ಐಸ್ ಹಾಕಿಯನ್ನು ಕಾಣುವವರು ಗೋಲಿಗೆ ಮುಂಚಿನ ಅರೆಕ್ಷಣದಲ್ಲಿ ದೃಷ್ಟಿ ನೆಡಬೇಕು. ಸ್ಕೇಟಿನ ಅಲಗಿನಲ್ಲಿ ತೋಡಿದ ಸೂಕ್ಷ್ಮ ಕೊರಕಲಿನ ಇಕ್ಕೆಲದ ಅಂಚುಗಳಲ್ಲಿ ಒಳಗಿನದನ್ನು ಮಂಜುಗಡ್ಡೆಗೆ ಊರಿ, ಮೈಭಾರವನ್ನೆಲ್ಲ ಕೋಲಿಗೆ ಒಪ್ಪಿಸಿ, ಅದು ಧನುಸ್ಸಿನಂತೆ ಬಾಗಿ ನೆಟ್ಟಗಾಗುವ ಗಳಿಗೆಯಲ್ಲಿ ಮಣಿಕಟ್ಟನ್ನು ತಿರುವಿದರೆಂದರೆ, ಪುಟಿಯದಿರಲೆಂದು ಮೊದಲೇ ಶೈತ್ಯದಲ್ಲಿರಿಸಿದ್ದ ಆ ರಬ್ಬರ್ ಬಿಲ್ಲೆ ಗೋಲ್‌ಕೀಪರಳ ಕೈಗವಸು ಏಳುವಷ್ಟರಲ್ಲಿ ಬಲೆ ಸೇರಿರುತ್ತದೆ.

2014ರ ಸೋಚಿ ಒಲಿಂಪಿಕ್ಸ್‌ನ ಅಂತಿಮ ಪಂದ್ಯದಲ್ಲಿ ಖಾಲಿ ಗೋಲಿನತ್ತ ಅಮೆರಿಕದವರು ಅಟ್ಟಿದ ಬಿಲ್ಲೆ ಕಂಬಕ್ಕೆ ತಗುಲಿ ಹೊರಳಿತು (ದೈವಕ್ಕೂ ಪಕ್ಷಪಾತವುಂಟು!), 54.6 ಸೆಕೆಂಡುಗಳು ಉಳಿದಿರಲು ಪೂಲ್ಯಾಂ ಪಂದ್ಯವನ್ನು ಸಮಗೊಳಿಸಿ, ಹೆಚ್ಚುವರಿ ಅವಧಿಯಲ್ಲಿ ಗೆಲ್ಲಿಸಿಯೇಬಿಟ್ಟರು. 2010ರಿಂದ 2022ರವರೆಗಿನ ನಾಲ್ಕು ಒಲಿಂಪಿಕ್ ಅಂತಿಮ ಪಂದ್ಯಗಳಲ್ಲಿಯೂ ಅವರ ಗೋಲುಗಳಿವೆ. 2024ರ ಜನವರಿಯಲ್ಲಿ ಮಹಿಳೆಯರ ಹೊಸ ವೃತ್ತಿಪರ ಲೀಗ್ ಆರಂಭವಾದಾಗ ಮಾಂಟ್ರಿಯಲ್ ತಂಡದ ನಾಯಕತ್ವವೂ ಅವರಿಗೇ ಸಂದಿತು.

ಆದರೂ ನನಗೆ ಅತಿಪ್ರಿಯವಾದುದು ಅಂಕಪಟ್ಟಿಗೆ ಏರದ ಅವರ ಇನ್ನೊಂದು ಕೌಶಲ: ದಣಿದ ಕಾಲುಗಳಲ್ಲಿಯೇ ತಮ್ಮ ಗೋಲಿನತನಕ ಹಿಂದೋಡಿ ಬಂದು, ಎದುರಾಳಿಯ ಕೋಲನ್ನು ಕೆಳಗಿನಿಂದ ಮೆಲ್ಲನೆತ್ತಿ, ಬಿಲ್ಲೆಯನ್ನು ಸದ್ದಿಲ್ಲದೆ ಅಪಹರಿಸುವುದು.