ಟಕ್ ಎಂದು ಬಿಡುವ ಆಕ್ಸಲ್

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಬ್ಯಾರನ್ ಪಕ್ಕ ಇವತ್ತಿಗೂ ಹಳೆಯ ಮಾರುತಿ 800 ನಿಂತಿರುತ್ತದೆ. 1983ರಲ್ಲಿ ಬಂದ ಈ ಕಾರು ಮುಂದಿನ ಚಕ್ರಗಳಿಂದ ಎಳೆಯುವ ಗಾಡಿ. ಅಂಬಾಸಿಡರ್, ಪದ್ಮಿನಿಗಳದ್ದು ಹಿಂದಿನ ಚಕ್ರದ ತಳ್ಳಾಟ. ಮಾರುತಿಯಲ್ಲಿ ಮುಂದಿನ ಒಂದೇ ಚಕ್ರ ಪಕ್ಕಕ್ಕೆ ತಿರುಗಲೂ ಬೇಕು, ಗಾಡಿಯನ್ನು ಎಳೆಯಲೂ ಬೇಕು. ಆಕ್ಸಲ್ ತುದಿಯ ಬಟ್ಟಲಿನೊಳಗಿನ 6 ಉಕ್ಕಿನ ಗುಂಡುಗಳು ಈ ಎರಡನ್ನೂ ಸಾಧಿಸುತ್ತವೆ.

ಈ ಬಟ್ಟಲನ್ನು ಮುಚ್ಚಿರುವ ಮಡಿಕೆಬಿದ್ದ ರಬ್ಬರ್ ಬೂಟ್ ಹರಿದರೆ ಗ್ರೀಸ್ ಹೊರಗೆ, ರಸ್ತೆಯ ಕೆಂಪು ಧೂಳು ಒಳಗೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಕಟಕಟ ಸದ್ದು ಬಂದರೆ ಆಕ್ಸಲ್ ಬಿಚ್ಚುವ ಕಾಲ ಬಂತೆಂದೇ ಅರ್ಥ.

ಮನೆಯಂಗಳದಲ್ಲೇ ಇದನ್ನು ಬಿಚ್ಚುವ ಕೈಗಳನ್ನು ನೋಡುತ್ತ ನಿಲ್ಲುವುದು ನನಗಿಷ್ಟ. ಚಕ್ರ ನೆಲದಲ್ಲಿರುವಾಗಲೇ ನಡುವಿನ ನಟ್ ಸಡಿಲಿಸುತ್ತಾರೆ. ಆಮೇಲೆ ಜಾಕ್, ಅದರ ಜೊತೆಗೆ ಸ್ಟ್ಯಾಂಡ್. ಗೇರ್ ಆಯಿಲ್ ಇಳಿಸಿ, ಕೆಳಗಿನ ಬಾಲ್ ಜಾಯಿಂಟ್ ಬಿಡಿಸಿ, ಹಬ್ಬನ್ನು ಹೊರಕ್ಕೆ ವಾಲಿಸುತ್ತಾರೆ. ಥ್ರೆಡ್ ಹಾಳಾಗದಂತೆ ಮರದ ತುಂಡಿಟ್ಟು ತಟ್ಟುತ್ತಾರೆ. ಗೇರ್‌ಬಾಕ್ಸ್ ಕಡೆಯದೇ ನಿಜವಾದ ನಾಜೂಕು. ಸಂದಿಗೆ ಲಿವರ್ ಕೊಟ್ಟು ಒಮ್ಮೆ ಮೀಟಿದರೆ ಒಳಗಿನ ಸಣ್ಣ ಸರ್ಕ್ಲಿಪ್ ಟಕ್ ಎಂದು ಬಿಡುತ್ತದೆ. ದಂಡ ಹಿಡಿದು ಜಗ್ಗಿದರೆ ಒಳಜಾಯಿಂಟೇ ಕಳಚಿಕೊಂಡೀತು. ಪಳಗಿದವರು ಜಗ್ಗುವುದಿಲ್ಲ, ಆಯಿಲ್ ಸೀಲಿಗೆ ಗೀರು ಬೀಳದಂತೆ, ಎಳೆಗೂಸನ್ನು ಎತ್ತಿಕೊಳ್ಳುವಂತೆ, ಅಂಗೈ ಕೆಳಗಿಟ್ಟು ನೇರವಾಗಿ ಹೊರತರುತ್ತಾರೆ. ಬಲಕ್ಕಿಂತ ದೊಡ್ಡ ವಿದ್ಯೆ ಅದು.

ನೀವೇ ಕೈಹಾಕುವುದಾದರೆ, ಮತ್ತೆ ಜೋಡಿಸುವಾಗ ನಟ್ ಸಡಿಲವಾಗದಂತೆ ತಡೆಯುವ ಹಳೆಯ ಸ್ಪ್ಲಿಟ್ ಪಿನ್ ಹಾಕಬೇಡಿ. ಹೊಸದನ್ನು ಮೊದಲೇ ತಂದಿಟ್ಟುಕೊಳ್ಳಿ.